ಬೇಸಿನ್ ಪಕ್ಕ ನಿಂತು ಶುರು ಮಾಡಿ: ರೇಷ್ಮೆ ಬಿಚ್ಚಾಣಿಕೆ ಶೆಡ್ಡಿನಲ್ಲಿ ಕೈ, ಉಸಿರು, ಮರ್ಯಾದೆ ಕಾಯುವ ಸಮಗ್ರ ಮಾರ್ಗದರ್ಶಿ

ನಮ್ಮ ಶೆಡ್ಡಿನಲ್ಲಿ ಹದಿನಾರು ವರ್ಷ ನೂಲು ತೆಗೆದ ಅಕ್ಕ ಒಬ್ಬರಿದ್ದರು. ನ್ಯಾಯಬೆಲೆ ಅಂಗಡಿಯಲ್ಲಿ ಅವರ ಹೆಬ್ಬೆಟ್ಟು ಮೂಡುತ್ತಿರಲಿಲ್ಲ. ಒಂದೊಂದಾಗಿ ಹತ್ತೂ ಬೆರಳು ಇಟ್ಟರೂ ಆ ಯಂತ್ರ ಒಪ್ಪಲಿಲ್ಲ. ಕೊನೆಗೆ ಮಗಳನ್ನು ಕಳಿಸಿ ಅಕ್ಕಿ ತರಿಸಿಕೊಂಡರು. ಆ ಗೆರೆಗಳು ಎಲ್ಲಿ ಹೋದವು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ರೇಷ್ಮೆಗೂಡಿನ ಎಳೆ ಬಿಚ್ಚುವ ನಮ್ಮ ಬೇಸಿನ್ನಿನ ಬಿಸಿನೀರಿನಲ್ಲಿ ಹೋಗಿದ್ದವು.

ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ಶಿಡ್ಲಘಟ್ಟ ಅಂದರೆ ರೇಷ್ಮೆ. ಗೂಡಿನ ಮಾರುಕಟ್ಟೆ, ಬೆಳಗಿನ ಹರಾಜು, ಲಾಟ್ ನಂಬರ್, ರೇಟು, ಇವೆಲ್ಲ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಒಂದು ಕೆಜಿ ನೂಲಿಗೆ ಮಿಶ್ರತಳಿ ಗೂಡಾದರೆ ಏಳೆಂಟು ಕೆಜಿ ಬೇಕು. ಅಂದರೆ ನಾಲ್ಕೈದು ಸಾವಿರ ಗೂಡು. ನಮ್ಮಂಥ ಸಣ್ಣ ಶೆಡ್ಡುಗಳಲ್ಲಿ ಅಷ್ಟೂ ಗೂಡಿನ ಎಳೆಯ ತುದಿಯನ್ನು ಯಾರದೋ ಬೆರಳು ಬಿಸಿನೀರಿನಲ್ಲಿ ಹುಡುಕಿರುತ್ತದೆ. ಆ ಲೆಕ್ಕ ಮಾತ್ರ ಯಾವ ಹರಾಜಿನಲ್ಲೂ ಬರುವುದಿಲ್ಲ.

ಇದು ನಾಲ್ಕರಿಂದ ಇಪ್ಪತ್ತು ಜನ ಕೆಲಸ ಮಾಡುವ ಸಣ್ಣ ಶೆಡ್ಡಿನ ಮಾಲೀಕರಿಗೆ ಬರೆದದ್ದು. ನೂಲು ತೆಗೆಯುವ ಹಳೆಯ ಚರಕ ಇರಲಿ, ಅದಕ್ಕಿಂತ ಸುಧಾರಿಸಿದ ಕಾಟೇಜ್ ಬೇಸಿನ್ ಇರಲಿ, ಒಂದೊಂದು ಬೇಸಿನ್ನಿನಲ್ಲಿ ಹಲವು ನೂಲು ಒಟ್ಟಿಗೆ ಸುತ್ತುವ ಮಲ್ಟಿ ಎಂಡ್ ಮೆಷಿನ್ ಇರಲಿ. ಕೆಲಸಗಾರರು ಓದಿದರೆ ಇನ್ನೂ ಒಳ್ಳೆಯದು. ಆರನೇ ಹಂತದಿಂದ ಮುಂದಿನದು ಮುಖ್ಯವಾಗಿ ಅವರಿಗೇ ಬೇಕಾದದ್ದು. ನಾನು ಸೇಫ್ಟಿ ಆಫೀಸರ್ ಅಲ್ಲ. ಅಪ್ಪನ ಎರಡು ಚರಕದಿಂದ ಎಂಟು ಬೇಸಿನ್‌ವರೆಗೆ ಬಂದವನು. ದಾರಿಯಲ್ಲಿ ತಪ್ಪುಗಳನ್ನೂ ಮಾಡಿದ್ದೇನೆ. ಅವನ್ನೂ ಬರೆದಿದ್ದೇನೆ.

ಹಂತ 1: ಒಂದು ಇಡೀ ಪಾಳಿ ನೀವೇ ನಿಲ್ಲಿ

ಸುರಕ್ಷತೆ ಅಂದ ಕೂಡಲೇ ನಾವು ಬೋರ್ಡ್ ಬರೆಸುತ್ತೇವೆ. ಬೇಡ. ಮೊದಲು ಒಂದು ದಿನ ಬೆಳಗ್ಗೆಯಿಂದ ಸಂಜೆವರೆಗೆ ಬೇಸಿನ್ ಮುಂದೆ ನೀವೇ ನಿಂತು ನೂಲು ತೆಗೆಯಿರಿ. ನಡುವೆ ಫೋನ್ ಬಂತು, ಮಾರುಕಟ್ಟೆಗೆ ಹೋಗಬೇಕು ಅಂತ ಎದ್ದು ಹೋಗಬೇಡಿ. ಅವರು ಎದ್ದು ಹೋಗುವಂತಿಲ್ಲ ಅಲ್ವಾ?

ನಾನು ನಿಂತ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬೆರಳು ಚುರುಗುಟ್ಟತೊಡಗಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಕಲೆಸಲು ಆಗಲಿಲ್ಲ. ಉಪ್ಪು, ಹುಳಿ ಬೆರಳಿನ ಸಂದಿಗೆ ಇಳಿದು ಉರಿ ಎದ್ದಿತು. ನಮ್ಮಲ್ಲಿ ಹೆಂಗಸರು ಊಟಕ್ಕೆ ಚಮಚ ತರುವುದನ್ನು ನೋಡಿ ನಾನು ಹಿಂದೊಮ್ಮೆ ನಕ್ಕಿದ್ದೆ.

ಕೈಯಲ್ಲಿ ಒಂದು ಪುಸ್ತಕ ಇಟ್ಟುಕೊಳ್ಳಿ. ಬೇಯಿಸುವ ನೀರು ಎಷ್ಟು ಡಿಗ್ರಿ, ಬೇಸಿನ್ ನೀರು ಎಷ್ಟು ಡಿಗ್ರಿ ಅಂತ ಗಂಟೆಗೊಮ್ಮೆ ಬರೆಯಿರಿ. ಕಡ್ಡಿಯಂಥ ಮೂತಿ ಇರುವ ಡಿಜಿಟಲ್ ಥರ್ಮಾಮೀಟರ್ ಸಾಕು. ಗಾಜಿನದು ಬೇಡ, ಒಡೆದರೆ ನೀರಿಗೇ ಬೀಳುತ್ತದೆ. ಹೊಗೆ ಯಾವ ಕಡೆ ತಿರುಗುತ್ತದೆ, ನೆಲದ ನೀರು ಎಲ್ಲಿ ನಿಲ್ಲುತ್ತದೆ, ವೈರ್ ಎಲ್ಲಿ ಜೋತು ಬಿದ್ದಿದೆ, ಯಾರು ಎಷ್ಟು ಹೊತ್ತು ಶೌಚಕ್ಕೆ ಹೋಗದೆ ತಡೆದುಕೊಂಡರು, ಯಾರು ಕೆಮ್ಮುತ್ತಾರೆ, ಎಲ್ಲ ಬರೆಯಿರಿ. ಸಂಜೆ ಆ ಪುಸ್ತಕ ತೆಗೆದರೆ ಮುಂದಿನ ಕೆಲಸ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಹಂತ 2: ಬೇಯಿಸುವ ನೀರಿನಿಂದ ಕೈಯನ್ನು ದೂರ ಮಾಡಿ

ಗೂಡಿನ ಎಳೆಗಳನ್ನು ಅಂಟಿಸಿ ಹಿಡಿದಿರುವುದು ಸೆರಿಸಿನ್ ಅನ್ನುವ ಗೋಂದು. ಅದು ಮೆತ್ತಗಾಗಲು ಕುದಿಯುವ ಮಟ್ಟಕ್ಕೆ ಹತ್ತಿರದ ಬಿಸಿನೀರು ಬೇಕು. ಆದರೆ ಎಳೆ ಬಿಚ್ಚಲು ಅಷ್ಟು ಬಿಸಿ ಬೇಕಿಲ್ಲ. ಮೈ ಬಿಸಿಗಿಂತ ಸ್ವಲ್ಪ ಜಾಸ್ತಿ, ಸುಮಾರು 40ರಿಂದ 45 ಡಿಗ್ರಿ ಇದ್ದರೆ ನೂಲು ಬರುತ್ತದೆ. ಹಳೆಯ ಚರಕದಲ್ಲಿ ಬೇಯಿಸುವುದೂ ಬಿಚ್ಚುವುದೂ ಒಂದೇ ಹಂಡೆಯಲ್ಲಿ. ಅದಕ್ಕೇ ಚರಕದವರ ಕೈ ಹಾಗಾಗುವುದು. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲೇ ಚರ್ಮವನ್ನು ಆಳಕ್ಕೆ ಸುಡಬಲ್ಲದು. ಚರಕದ ಹಂಡೆಯ ನೀರು ಅದಕ್ಕಿಂತ ಎಷ್ಟೋ ಬಿಸಿ. ಕೈಯನ್ನು ಮುಳುಗಿಸಿ ಕ್ಷಣದಲ್ಲಿ ತೆಗೆಯುವ ಅಭ್ಯಾಸ ಇದೆ ಅಂತಲೇ ಅವರು ಬದುಕಿದ್ದಾರೆ.

ಹಾಗಾಗಿ ಮೊದಲ ಖರ್ಚು ಇಲ್ಲಿ ಮಾಡಿ. ಬೇಯಿಸುವ ಪಾತ್ರೆ ಬೇರೆ, ಬಿಚ್ಚುವ ಬೇಸಿನ್ ಬೇರೆ. ಬೇರೆ ಏನು ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ. ಚರಕದಿಂದ ಬೇಸಿನ್ನಿಗೆ, ಬೇಸಿನ್ನಿಂದ ಮಲ್ಟಿ ಎಂಡ್‌ಗೆ ಹೋಗಲು ಸಹಾಯಧನದ ಯೋಜನೆಗಳು ಬರುತ್ತಿರುತ್ತವೆ. ರೇಷ್ಮೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಮೆಷಿನ್ ಕೊಳ್ಳುವ ಮೊದಲೇ ಕೇಳಿ, ಬಿಲ್ ಹಿಡಿದುಕೊಂಡು ಹೋದರೆ ಕೆಲಸ ಆಗುವುದಿಲ್ಲ.

ಆಮೇಲೆ ಸಣ್ಣ ಸಣ್ಣ ಕೆಲಸ. ಬೆಂದ ಗೂಡನ್ನು ಕೈಯಲ್ಲಿ ತೆಗೆಯುವುದು ನಿಲ್ಲಲಿ, ಉದ್ದ ಹಿಡಿಯ ತೂತಿನ ಸೌಟು ಬರಲಿ. ಹಿಡಿಗೆ ಮರ ಇರಲಿ. ತುದಿ ಹುಡುಕಲು ಬ್ರಷ್ ಬಳಸಲಿ. ಬ್ರಷ್ ಸವೆದರೆ ಬೆರಳು ಆ ಕೆಲಸ ಮಾಡುತ್ತದೆ, ಅದಕ್ಕೇ ಸವೆದ ಬ್ರಷ್ ಬದಲಾಯಿಸಲು ಕಂಜೂಸಿತನ ಮಾಡಬೇಡಿ. ಬೇಸಿನ್ ನೀರು 50 ಡಿಗ್ರಿ ದಾಟಿದರೆ ತಣ್ಣೀರು ಬಿಡುವ ನಲ್ಲಿ ಕೆಲಸಗಾರರ ಕೈಗೇ ಸಿಗುವ ಹಾಗೆ ಇರಲಿ. ಮೇಸ್ತ್ರಿಯನ್ನು ಕೂಗಿ, ಅವನು ಬಂದು, ಅವನು ನೋಡಿ ಅಂತ ಕಾಯಿಸಬೇಡಿ.

ಗ್ಲೌಸ್ ಕೊಟ್ಟರೆ ಆಯ್ತಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ತಂದಿದ್ದೆ, ಎರಡು ಡಜನ್. ಎರಡು ದಿನದಲ್ಲಿ ಎಲ್ಲ ಮೂಲೆ ಸೇರಿದವು. ಕೂದಲಿಗಿಂತ ಸಣ್ಣ ಎಳೆ ರಬ್ಬರಿನೊಳಗಿನ ಬೆರಳಿಗೆ ಸಿಗುವುದಿಲ್ಲ. ಒಳಗೆ ನೀರು ಹೋದರೆ ಇನ್ನೂ ಕೆಟ್ಟದ್ದು, ಕೈ ಅಲ್ಲೇ ಬೇಯುತ್ತದೆ. ಗ್ಲೌಸ್ ಬೇಕಾಗುವುದು ಬೇಯಿಸುವ ಪಾತ್ರೆ ಹತ್ತಿರ ಇರುವವರಿಗೆ ಮತ್ತು ಗೂಡಿನೊಳಗಿನ ಸತ್ತ ಹುಳು ಎತ್ತಿ ಹಾಕುವವರಿಗೆ. ಬಿಚ್ಚುವವರಿಗೆ ನೀರಿನ ಬಿಸಿ ಇಳಿಸುವುದೇ ಗ್ಲೌಸ್.

ದಿನವಿಡೀ ನೆನೆದ ಚರ್ಮಕ್ಕೆ ಒಣಗುವ ಹೊತ್ತು ಬೇಕು. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕೈ ನೀರಿನಿಂದ ಹೊರಗಿರಲಿ. ಇಬ್ಬಿಬ್ಬರು ಜೋಡಿ ಮಾಡಿ, ಒಬ್ಬರು ಬೇಸಿನ್, ಇನ್ನೊಬ್ಬರು ಮರುಸುತ್ತು (ತೆಗೆದ ನೂಲನ್ನು ರಾಟೆಗೆ ಮತ್ತೆ ಸುತ್ತುವ ಕೆಲಸ), ಅರ್ಧ ದಿನಕ್ಕೆ ಅದಲುಬದಲು. ಪ್ರತಿಯೊಬ್ಬರಿಗೂ ಅವರದೇ ಒಣ ಹತ್ತಿ ಬಟ್ಟೆ. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ಕೈ ತೊಳೆದು, ಬೆರಳ ಸಂದಿ ಒರೆಸಿ, ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿಕೊಳ್ಳಲಿ. ನಮ್ಮ ಕಡೆಯ ಕೊಳವೆಬಾವಿ ನೀರು ಗಡಸು, ಅದು ಬೇರೆ ಚರ್ಮ ಒಣಗಿಸುತ್ತದೆ. ಬೆರಳ ಸಂದಿಯಲ್ಲಿ ತುರಿಕೆ, ಕೀವು, ಉಗುರು ಬುಡ ಊದುವುದು ಕಂಡರೆ ಡಾಕ್ಟರ ಹತ್ತಿರ ಕಳಿಸಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ಕೂಡಲೇ ಕೊಡುವ ಟ್ಯೂಬ್ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ನಿಂತ ಹಾಗೆ ಕಾಣುತ್ತದೆ, ಒಳಗೊಳಗೇ ಬೂಸು ಹರಡುತ್ತದೆ.

ಈಗ ಸುಟ್ಟಾಗ ಏನು ಮಾಡಬೇಕು ಅನ್ನುವುದು. ಇಲ್ಲೇ ನನ್ನ ತಪ್ಪು ಹೇಳಿಬಿಡುತ್ತೇನೆ. ಒಮ್ಮೆ ಬೇಯಿಸುವ ಪಾತ್ರೆ ವಾಲಿ ಒಬ್ಬ ಹುಡುಗಿಯ ಮೊಣಕೈವರೆಗೆ ನೀರು ಬಿತ್ತು. ಯಾರೋ ಟೂತ್‌ಪೇಸ್ಟ್ ತಂದರು, ಇನ್ಯಾರೋ ಅರಿಶಿನ. ನಾನು ಪಕ್ಕದಲ್ಲೇ ನಿಂತಿದ್ದೆ, ಹಚ್ಚಿ ಹಚ್ಚಿ ಅಂದೆ. ಕೈಬಳೆ ತೆಗೆಸಲೂ ಇಲ್ಲ. ಅರ್ಧ ಗಂಟೆಯಲ್ಲಿ ಕೈ ಊದಿ ಬಳೆ ಒಳಗೆ ಕಚ್ಚಿಕೊಂಡಿತು. ಆಸ್ಪತ್ರೆಯಲ್ಲಿ ಮೊದಲು ಬಳೆ ಕತ್ತರಿಸಿದರು, ಆಮೇಲೆ ಪೇಸ್ಟ್ ಕೆರೆದು ತೆಗೆದರು. ಅವಳು ಕಿರುಚಿದ್ದು ಸುಟ್ಟಾಗ ಅಲ್ಲ, ಆಗ.

ಸರಿಯಾದ ಕ್ರಮ ಇದು. ಬಿಸಿ ಇರುವ ಜಾಗದಿಂದ ಈಚೆ ಕರೆತನ್ನಿ. ಬಳೆ, ಉಂಗುರ, ವಾಚು ಕೂಡಲೇ ತೆಗೆಯಿರಿ. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿಕೊಂಡು ಹಿಡಿಯಿರಿ, ಏಕೆಂದರೆ ಎರಡು ನಿಮಿಷಕ್ಕೇ ಇಪ್ಪತ್ತು ಆದ ಹಾಗೆ ಅನ್ನಿಸುತ್ತದೆ. ಐಸ್ ಬೇಡ. ಪೇಸ್ಟ್, ಶಾಯಿ, ಬೆಣ್ಣೆ, ಅರಿಶಿನ, ಹಿಟ್ಟು ಏನೂ ಬೇಡ. ಗುಳ್ಳೆ ಒಡೆಯಬೇಡಿ. ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ, ಸುತ್ತ ಕತ್ತರಿಸಿ. ಆಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ಮುಖ, ಕೈಬೆರಳು, ಕೀಲು, ಗುಪ್ತಾಂಗ ಸುಟ್ಟಿದ್ದರೆ ಅಥವಾ ಗಾಯ ಅಂಗೈಗಿಂತ ದೊಡ್ಡದಿದ್ದರೆ ಮನೆಯಲ್ಲಿ ನೋಡೋಣ ಅನ್ನಲೇಬೇಡಿ. ದೊಡ್ಡ ಸುಟ್ಟಗಾಯಗಳಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗವೇ ಇದೆ.

ಇದಕ್ಕೆಲ್ಲ ಬೇಕಾದ್ದು ಶೆಡ್ಡಿನೊಳಗೇ ಒಂದು ತಣ್ಣೀರಿನ ನಲ್ಲಿ, ಅದರ ಮೇಲೆ ಟ್ಯಾಂಕಿನಲ್ಲಿ ಯಾವಾಗಲೂ ನೀರು. ಕರೆಂಟ್ ಹೋದಾಗಲೂ ಬರಬೇಕು.

ಹಂತ 3: ಹೊಗೆಗೆ ಮೇಲಿನ ದಾರಿ ತೋರಿಸಿ

ಕಿಟಕಿ ತೆಗೆಯಿರಿ ಅಂತ ಹೊರಗಿನವರು ಬಂದು ಸುಲಭವಾಗಿ ಹೇಳಿ ಹೋಗುತ್ತಾರೆ. ನೂಲು ತೆಗೆಯುವವರಿಗೆ ಗೊತ್ತು, ಗಾಳಿ ಬೀಸಿದರೆ ಎಳೆ ಕಡಿಯುತ್ತದೆ. ಅದಕ್ಕೇ ನಾವು ಕಿಟಕಿ ಮುಚ್ಚಿ, ಗೋಣಿಚೀಲ ಬೇರೆ ಇಳಿಬಿಡುತ್ತೇವೆ. ಚಳಿಗಾಲದಲ್ಲಿ ನಂದಿ ಬೆಟ್ಟದ ಕಡೆಯಿಂದ ಕುಳಿರ್ಗಾಳಿ ಬಂದಾಗಂತೂ ಬಾಗಿಲೂ ಮುಚ್ಚಿ ಒಳಗೆ ಹಬೆ, ಹೊಗೆ, ಹುಳುವಿನ ವಾಸನೆ ಎಲ್ಲ ಸೇರಿ ಕಣ್ಣು ಬಿಡಲು ಆಗುವುದಿಲ್ಲ.

ಇದಕ್ಕೆ ಉಪಾಯ ಎತ್ತರದಲ್ಲಿದೆ. ಬೇಸಿನ್ ಮಟ್ಟದಲ್ಲಿ ಗಾಳಿ ಆಡಬಾರದು, ತಲೆಯ ಮೇಲೆ ಆಡಬೇಕು. ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ, ಎದುರುಬದುರು ಎರಡು ಕಡೆ ಕಿಂಡಿ ತೆಗೆಸಿ. ಒಂದು ಕಡೆ ಎಕ್ಸಾಸ್ಟ್ ಫ್ಯಾನ್. ಬಿಸಿ ಹಬೆ ತಾನಾಗಿ ಮೇಲೇರುತ್ತದೆ, ಅದಕ್ಕೆ ದಾರಿ ಬೇಕಷ್ಟೆ. ಒಲೆಯ ಬಾಯಿ ಸಾಧ್ಯವಾದರೆ ಶೆಡ್ಡಿನ ಗೋಡೆಯ ಆಚೆ ಇರಲಿ. ಸೌದೆ ಹಾಕುವುದು ಹೊರಗಿನಿಂದ, ಬಿಸಿ ಮಾತ್ರ ಒಳಗೆ. ಹೊಗೆ ಕೊಳವೆ ಸೂರಿಗಿಂತ ಸಾಕಷ್ಟು ಮೇಲೆ ಹೋಗಲಿ, ಪಕ್ಕದ ಮನೆಯ ಕಿಟಕಿಗೆ ಅಲ್ಲ. ತಿಂಗಳಿಗೊಮ್ಮೆ ಮಸಿ ತೆಗೆಯಿರಿ.

ಸೌದೆ ಒಣಗಿರಲಿ. ನೀಲಗಿರಿ ತುಂಡೋ ಹಿಪ್ಪುನೇರಳೆ ಕಡ್ಡಿಯೋ, ಹಸಿ ಇದ್ದರೆ ಹೊಗೆ ಎರಡು ಪಟ್ಟು. ಮಳೆಗಾಲಕ್ಕೆ ಮುಂಚೆ ಸೌದೆಗೆ ಒಂದು ಸೂರು ಹಾಕಿಸಿ.

ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಕಾರ್ಬನ್ ಮಾನಾಕ್ಸೈಡ್ ಅಪಾಯ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಾಸ್ಕ್ ಕಟ್ಟಿದರೆ ಅದು ನಿಲ್ಲುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆ ಸುತ್ತು, ವಾಂತಿ ಬಂದ ಹಾಗೆ ಆದರೆ ಬೆಳಗ್ಗೆ ತಿಂಡಿ ಸರಿ ಇಲ್ಲ ಅಂದುಕೊಳ್ಳಬೇಡಿ. ಎಲ್ಲರೂ ತಕ್ಷಣ ಹೊರಗೆ ಬರಬೇಕು. ನೂಲು ಕಡಿದರೆ ಕಡಿಯಲಿ. ಬಸುರಿ ಹೆಂಗಸರಿಗೆ ಇದು ಇನ್ನೂ ಕೆಟ್ಟದ್ದು, ಒಲೆಯ ಹತ್ತಿರದ ಕೆಲಸ ಅವರಿಗೆ ಕೊಡಲೇಬೇಡಿ.

ಇನ್ನು ಅಸ್ತಮಾ. ರೇಷ್ಮೆಯ ಗೋಂದು, ಹುಳುವಿನ ಪುಡಿ, ಗೂಡಿನ ಮೇಲಿನ ಹಿಂಜು (ಸಡಿಲ ನವಿರೆಳೆ) ಕೆಲವರಿಗೆ ಅಲರ್ಜಿ. ಗುರುತು ಹಿಡಿಯಲು ಒಂದೇ ಪ್ರಶ್ನೆ ಕೇಳಿ: ರಜೆ ದಿನ ಉಸಿರು ಸಲೀಸಾಗಿರುತ್ತಾ? ರಜೆಯಲ್ಲಿ ಸರಿಯಾಗಿ, ಕೆಲಸಕ್ಕೆ ಬಂದ ದಿನ ಎದೆ ಬಿಗಿದರೆ ಅದು ಶೆಡ್ಡು ಕೊಟ್ಟ ಕಾಯಿಲೆ ಇರಬಹುದು. ಡಾಕ್ಟರಿಗೂ ಏನು ಕೆಲಸ ಅಂತ ಹೇಳಲಿ. ಸುಮ್ನೆ ಕೆಮ್ಮು ಅಂದರೆ ಸಿರಪ್ ಬರೆದು ಕಳಿಸುತ್ತಾರೆ. ಗೂಡು ಆರಿಸುವ, ಹಿಂಜು ತೆಗೆಯುವ ಒಣ ಕೆಲಸಕ್ಕೆ ಎನ್95 ಮಾಸ್ಕ್ ಉಪಯೋಗಕ್ಕೆ ಬರುತ್ತದೆ. ಸತ್ತ ಹುಳುವನ್ನು ದಿನಕ್ಕೆ ಎರಡು ಸಲ ಮುಚ್ಚಳದ ಡ್ರಮ್ಮಿಗೆ ಹಾಕಿ ಹೊರಗೆ ಸಾಗಿಸಿ. ಕೊಳ್ಳುವವನು ವಾರಕ್ಕೊಮ್ಮೆ ಬರುತ್ತಾನೆ ಅಂತ ಒಳಗೇ ಇಟ್ಟುಕೊಂಡರೆ ಆ ವಾರದ ಗಾಳಿ ಕುಡಿಯುವವರು ಬೇರೆಯವರು.

ಹಂತ 4: ಬಾಯ್ಲರ್, ಕರೆಂಟ್, ಬೆಲ್ಟ್, ನೆಲ

ಇದು ಬೇಗ ಮುಗಿಯುವ ಹಂತ. ಆದರೆ ಜೀವ ತೆಗೆಯುವುದು ಇಲ್ಲಿಯದೇ.

ಹಬೆಗೆ ಬಾಯ್ಲರ್ ಇದ್ದರೆ ಸೇಫ್ಟಿ ವಾಲ್ವ್ ಕೆಲಸ ಮಾಡುತ್ತದೆಯೇ, ನೀರಿನ ಮಟ್ಟ ತೋರಿಸುವ ಗಾಜು ಶುದ್ಧ ಇದೆಯೇ ಅಂತ ದಿನಾ ಬೆಳಗ್ಗೆ ನೋಡಿ. ವಾಲ್ವ್‌ನಿಂದ ಹಬೆ ಸೋರುತ್ತದೆ ಅಂತ ಅದಕ್ಕೆ ಕಲ್ಲು ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಅದು ಬಾಂಬ್ ಕಟ್ಟಿದ ಹಾಗೆ. ನೀರು ಬತ್ತಿದ ಕಾದ ಬಾಯ್ಲರಿಗೆ ತಣ್ಣೀರು ಬಿಡಲೇಬಾರದು. ಬೆಂಕಿ ಎಳೆದು, ಜನರನ್ನು ಹೊರಗೆ ಕಳಿಸಿ, ತಾನಾಗಿ ತಣಿಯಲು ಬಿಡಿ. ಯಾವ ಗಾತ್ರದ ಬಾಯ್ಲರಿಗೆ ನೋಂದಣಿ, ತಪಾಸಣೆ ಬೇಕು ಅಂತ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯಲ್ಲಿ ಕೇಳಿ ಮಾಡಿಸಿ. ಗುಜರಿಯಿಂದ ತಂದ ಡ್ರಮ್ಮಿಗೆ ಪೈಪ್ ಬೆಸುಗೆ ಹಾಕಿದ್ದನ್ನು ಬಾಯ್ಲರ್ ಅನ್ನಬೇಡಿ.

ನೆಲವೆಲ್ಲ ಒದ್ದೆ, ಕೈ ಒದ್ದೆ, ಮೋಟಾರ್ ಪಕ್ಕದಲ್ಲೇ. ಆದ್ದರಿಂದ ಒಳ್ಳೆಯ ಅರ್ಥಿಂಗ್ ಮತ್ತು ಕರೆಂಟ್ ಸೋರಿದ ಕೂಡಲೇ ತಾನೇ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಅದರ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಾಯಿಸಿ. ಸ್ವಿಚ್ಚುಗಳು ಎದೆ ಮಟ್ಟದಲ್ಲಿ, ನೀರು ಹಾರದ ಕಡೆ. ಮೇನ್ ಸ್ವಿಚ್ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಲಿ, ನಿನ್ನೆ ಸೇರಿದವರಿಗೂ.

ಬೆಲ್ಟ್ ಮತ್ತು ಗೇರ್‌ಗೆ ಜಾಲರಿ ಮುಚ್ಚಳ. ಸೆರಗು ಸಿಕ್ಕಿಸಿ, ದುಪಟ್ಟಾ ಪಿನ್ ಮಾಡಿ, ಜಡೆ ಮೇಲೆ ಕಟ್ಟಲಿ. ಓಡುವ ರಾಟೆಗೆ ಸಿಕ್ಕ ನೂಲನ್ನು ನಿಲ್ಲಿಸಿಯೇ ಬಿಡಿಸಬೇಕು. ನಿಲ್ಲಿಸಿದರೆ ಬೈಯುತ್ತಾರೆ ಅನ್ನುವ ಹೆದರಿಕೆ ಇರುವ ಕಡೆ ಯಾರೂ ನಿಲ್ಲಿಸುವುದಿಲ್ಲ. ಈ ಮಾತನ್ನು ಏಳನೇ ಹಂತದಲ್ಲಿ ಮತ್ತೆ ಹೇಳಬೇಕಾಗುತ್ತದೆ.

ನಿಲ್ಲುವ ಜಾಗಕ್ಕೆ ಮರದ ಪಟ್ಟಿಯ ಮಣೆ, ಕೆಳಗೆ ನೀರು ಹರಿಯುವ ಕಾಲುವೆ, ಅದರ ಮೇಲೆ ಜಾಲರಿ.

ಹಂತ 5: ಮೈಗೆ ಬೇಕಾದ್ದು ಕೊಡಿ

ಬೇಸಿನ್ ಎತ್ತರ ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು. ಗಿಡ್ಡ ಇರುವವರಿಗೆ ಮಣೆ ಎತ್ತರಿಸಿ. ಎಲ್ಲ ಬೇಸಿನ್ ಪಕ್ಕವೂ ಒಂದು ಸ್ಟೂಲ್ ಇರಲಿ. ಕೂತರೆ ಕೆಲಸ ಕಮ್ಮಿ ಆಗುತ್ತದೆ ಅನ್ನುವುದು ಸುಳ್ಳು. ಎದ್ದು ಕೂತು ಮಾಡಿದವರೇ ಸಂಜೆವರೆಗೆ ಒಂದೇ ಸಮ ನೂಲು ಕೊಡುತ್ತಾರೆ.

ಹೊತ್ತಿನ ಲೆಕ್ಕಕ್ಕೆ ಕಾರ್ಖಾನೆಗಳ ಹಳೆಯ ಅಳತೆಯನ್ನೇ ಇಟ್ಟುಕೊಳ್ಳಿ: ವಾರಕ್ಕೆ 48 ಗಂಟೆ, ಐದು ಗಂಟೆಗಿಂತ ಹೆಚ್ಚು ಒಂದೇ ಸಮ ಇಲ್ಲ, ನಡುವೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ, ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೂಲಿ. ನಮ್ಮದು ಸಣ್ಣ ಶೆಡ್ಡು, ಕಾನೂನು ನಮಗಲ್ಲ ಅನ್ನುವವರಿದ್ದಾರೆ. ಮೈ ದಣಿಯುವುದಕ್ಕೆ ಶೆಡ್ಡಿನ ಗಾತ್ರ ಗೊತ್ತಿಲ್ಲ.

ಶೌಚಾಲಯ ಇರಲಿ. ಒಳಗಿನಿಂದ ಚಿಲಕ, ನೀರು, ಬಕೆಟ್, ಮುಚ್ಚಳದ ಡಬ್ಬ, ಬಲ್ಬ್. ಹೆಂಗಸರಿಗೆ ಬೇರೆ. ಇದಿಲ್ಲದ ಕಡೆ ಹೆಂಗಸರು ಏನು ಮಾಡುತ್ತಾರೆ ಅಂತ ನಮ್ಮ ಪುಸ್ತಕದಲ್ಲಿತ್ತು: ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಬಿಸಿ ಹಬೆಯಲ್ಲಿ ನಿಂತು, ಬೆವರು ಸುರಿಸಿ, ನೀರು ಕುಡಿಯದೆ. ಏಪ್ರಿಲ್ ಬಿಸಿಲಿನಲ್ಲಿ ತಲೆ ತಿರುಗಿ ಬಿದ್ದರೆ ಬಿಸಿ ಪಾತ್ರೆಯ ಮೇಲೇ ಬೀಳುವುದು.

ಕುಡಿಯುವ ನೀರು ಶುದ್ಧೀಕರಣ ಘಟಕದ್ದು ತನ್ನಿ. ನಮ್ಮ ಜಿಲ್ಲೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಇರುವುದು ಎಲ್ಲರಿಗೂ ತಿಳಿದದ್ದೇ.

ಹಂತ 6: ಅಡ್ವಾನ್ಸ್ ಪುಸ್ತಕವನ್ನು ಬೆಳಕಿಗೆ ತನ್ನಿ

ಸುರಕ್ಷತೆಯ ಮಾತಿನಲ್ಲಿ ಅಡ್ವಾನ್ಸ್ ಯಾಕೆ ಬಂತು ಅಂತ ಕೇಳಬಹುದು. ಸಾಲ ಇರುವವರು ಕೈ ಸುಟ್ಟರೂ ಬಾಯಿ ಬಿಡುವುದಿಲ್ಲ, ಅದಕ್ಕೆ.

ಮದುವೆಗೋ ಆಸ್ಪತ್ರೆಗೋ ಇಪ್ಪತ್ತು, ಮೂವತ್ತು ಸಾವಿರ ಕೊಡುತ್ತೇವೆ. ಆಮೇಲೆ ಅದು ತೀರುವುದೇ ಇಲ್ಲ. ತೀರುವವರೆಗೆ ಬೇರೆ ಶೆಡ್ಡಿಗೆ ಹೋಗುವಂತಿಲ್ಲ. ಅಮ್ಮನಿಗೆ ಹುಷಾರಿಲ್ಲ ಅಂದರೆ ಮಗಳು ಬರಬೇಕು. ನಾವು ಇದನ್ನು ಸಹಾಯ ಅಂದುಕೊಳ್ಳುತ್ತೇವೆ. 1976ರ ಕಾನೂನು ಇದನ್ನು ಜೀತ ಅನ್ನುತ್ತದೆ. ಅದರ ಪ್ರಕಾರ ಅಂಥ ಸಾಲವೇ ರದ್ದು, ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು. ದೂರನ್ನು ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ಕೊಡಬಹುದು.

ಅಡ್ವಾನ್ಸ್ ಕೊಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಕಷ್ಟಕ್ಕೆ ಬ್ಯಾಂಕು ಬಾಗಿಲು ತೆಗೆಯುವುದಿಲ್ಲ, ನಮ್ಮ ಬಾಗಿಲಿಗೇ ಬರುತ್ತಾರೆ. ಕೊಡುವ ರೀತಿ ಬದಲಾಗಲಿ. ಎರಡು ಪುಸ್ತಕ ಮಾಡಿ, ಒಂದು ಅವರ ಹತ್ತಿರ. ಎಷ್ಟು ಕೊಟ್ಟೆ, ವಾರಕ್ಕೆ ಎಷ್ಟು ಹಿಡಿಯುತ್ತೇನೆ, ಎಷ್ಟು ಉಳಿಯಿತು, ಪ್ರತಿ ಬಟವಾಡೆಗೆ ಎರಡರಲ್ಲೂ ಬರೆಯಿರಿ. ಬಡ್ಡಿ ಬೇಡ. ವಾರದ ಕೂಲಿಯ ಹತ್ತರಲ್ಲಿ ಒಂದು ಪಾಲು ಹಿಡಿದರೆ ಅವರ ಮನೆ ನಡೆಯುತ್ತದೆ. ಏನೇ ಆದರೂ ಒಟ್ಟು ಕಡಿತ ಕೂಲಿಯ ಅರ್ಧ ದಾಟುವಂತಿಲ್ಲ. ಕೆಲಸ ಬಿಡುವುದಾದರೆ ಬಾಕಿಯನ್ನು ಕಂತಿನಲ್ಲಿ ಕೊಡಲಿ, ಆಧಾರ್ ಕಾರ್ಡೋ ಪಾಸ್‌ಬುಕ್ಕೋ ಇಟ್ಟುಕೊಳ್ಳಬೇಡಿ. ನಾನು ಹೀಗೆ ಮಾಡಿದ ಮೇಲೆ ಇಬ್ಬರು ಬಿಟ್ಟು ಹೋದರು. ಒಬ್ಬರು ಬಾಕಿ ತೀರಿಸಿದರು, ಇನ್ನೊಬ್ಬರು ತೀರಿಸಲಿಲ್ಲ. ಆ ನಷ್ಟವನ್ನು ವ್ಯಾಪಾರದ ನಷ್ಟಕ್ಕೇ ಬರೆದುಕೊಂಡೆ. ಗೂಡಿನ ಲಾಟ್ ಕೆಟ್ಟು ಬಂದಾಗ ಅದಕ್ಕಿಂತ ಜಾಸ್ತಿ ಕಳೆದುಕೊಂಡಿದ್ದೇನೆ.

ಕನಿಷ್ಠ ಕೂಲಿಯ ದರ ರಾಜ್ಯ ಸರ್ಕಾರ ಹೊರಡಿಸುತ್ತದೆ, ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಆ ಹಾಳೆ ಗೋಡೆಗೆ ಅಂಟಿಸಿ.

ಮಕ್ಕಳ ವಿಷಯ ಒಂದೇ ಸಾಲು: 14 ತುಂಬದ ಮಕ್ಕಳು ಕೂಲಿಗೆ ಬೇಡವೇ ಬೇಡ, 18 ತುಂಬದವರು ಬಿಸಿನೀರು, ಬಾಯ್ಲರ್, ಓಡುವ ಯಂತ್ರದ ಹತ್ತಿರ ಬೇಡ. ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

ಹಂತ 7: ನಾಲಿಗೆ ಮತ್ತು ಲೋಟ

ನಮ್ಮೂರಿನ ಶೆಡ್ಡಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಓಡಾಡುತ್ತವೆ. ಮೂರರಲ್ಲೂ ಮರ್ಯಾದೆಯ ಮಾತಿದೆ. ಅಕ್ಕ, ಅಮ್ಮ, ಅಣ್ಣ, ಆಪಾ, ಭಾಯ್. ಆದರೂ ಐವತ್ತು ದಾಟಿದ ಹೆಂಗಸನ್ನು ಇಪ್ಪತ್ತರ ಮೇಸ್ತ್ರಿ ‘ಏ, ಬಾರೇ ಇಲ್ಲಿ’ ಅನ್ನುತ್ತಾನೆ. ಇದನ್ನು ಮೊದಲು ನಿಲ್ಲಿಸಬೇಕಾದವರು ನೀವು, ನಿಮ್ಮ ಬಾಯಲ್ಲಿ. ಮಾಲೀಕ ಹೇಗೆ ಕರೆಯುತ್ತಾನೋ ಮೇಸ್ತ್ರಿ ಹಾಗೇ ಕರೆಯುತ್ತಾನೆ.

ಟೀ ಲೋಟ ನೋಡಿ. ಕೆಲವು ಶೆಡ್ಡುಗಳಲ್ಲಿ ಕೆಲವರಿಗೆ ಸ್ಟೀಲ್ ಲೋಟ, ಕೆಲವರಿಗೆ ಪೇಪರ್ ಕಪ್, ಇನ್ನು ಕೆಲವರ ಲೋಟ ಕಿಟಕಿಯ ಮೇಲೆ ಬೇರೆ. ಯಾರಿಗೆ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. ಒಂದೇ ಥರದ ಹದಿನೈದು ಲೋಟ ತನ್ನಿ, ಎಲ್ಲ ಒಂದೇ ಕಡೆ ತೊಳೆದಿಡಿ, ನೀವೂ ಅದರಲ್ಲೇ ಕುಡಿಯಿರಿ. ಮೊದಲ ದಿನ ಇಬ್ಬರು ಟೀ ಬೇಡ ಅಂದರು. ಮೂರನೇ ದಿನ ಕುಡಿದರು. ನಾನು ಏನೂ ಮಾತಾಡಲಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಬೈದರೆ, ಬೇರೆ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಅದು ಗೊತ್ತಿರಲಿ.

ನೂಲು ಕಡಿದದ್ದಕ್ಕೆ, ಮೆಷಿನ್ ನಿಲ್ಲಿಸಿದ್ದಕ್ಕೆ, ಪಾತ್ರೆ ವಾಲಿದ್ದಕ್ಕೆ ಬೈಗುಳ ಇಲ್ಲ, ದಂಡ ಇಲ್ಲ ಅಂತ ಎಲ್ಲರ ಮುಂದೆ ಹೇಳಿ. ಒಂದು ಸಲ ಬೈದರೆ ಸಾಕು, ಮುಂದಿನ ಸಲ ಸಡಿಲ ವೈರನ್ನು ಯಾರೂ ತೋರಿಸುವುದಿಲ್ಲ. ಶನಿವಾರ ಬಟವಾಡೆಗೆ ಮುಂಚೆ ಹತ್ತು ನಿಮಿಷ ‘ಈ ವಾರ ಎಲ್ಲಿ ಹೆದರಿಕೆ ಆಯಿತು’ ಅಂತ ಕೇಳಿ. ಆ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ. ‘ಏನಾದರೂ ತೊಂದರೆ ಇದೆಯಾ’ ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ.

ಹೆಂಗಸರ ಮೇಲೆ ಕೈ, ಕೆಟ್ಟ ಮಾತು, ಫೋನಿನಲ್ಲಿ ಫೋಟೋ, ಇದಕ್ಕೆ 2013ರ ಕಾನೂನು ಇದೆ. ಹತ್ತು ಜನ ಇರುವ ಕಡೆ ಒಳಗೇ ಸಮಿತಿ ಇರಬೇಕು, ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು. ಹತ್ತಕ್ಕಿಂತ ಕಮ್ಮಿ ಇದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಘಟನೆ ಆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಬರೆಯಲು ಬಾರದಿದ್ದರೆ ಬರೆಸಿಕೊಳ್ಳಲು ಸಮಿತಿಯೇ ನೆರವಾಗಬೇಕು. ಉಚಿತ ವಕೀಲರ ಸಹಾಯಕ್ಕೆ 15100.

ಹಂತ 8: ಕಾಗದ ಮೊದಲೇ ಮಾಡಿಡಿ

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಕ್ಕೆ ಸೇರಿದವರಿಗೆ ನೇಮಕ ಪತ್ರ ಕೊಡಬೇಕು ಅನ್ನುವುದು ಅದರಲ್ಲಿ ಮುಖ್ಯ. ಒಂದು ಹಾಳೆ ಸಾಕು: ಹೆಸರು, ಕೆಲಸ, ಕೂಲಿ, ಹೊತ್ತು, ಸೇರಿದ ದಿನ, ಇಬ್ಬರ ಸಹಿ.

ಹತ್ತು ಅಥವಾ ಹೆಚ್ಚು ಜನ ಇದ್ದರೆ ಕಾರ್ಮಿಕರ ರಾಜ್ಯ ವಿಮೆ ಕಡ್ಡಾಯ, ಅಂದರೆ ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಕೂಲಿ ಇರುವವರಿಗೆ ಅವರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಕೆಲಸದಲ್ಲಿ ಗಾಯ ಆಗಿ ಮನೆಯಲ್ಲಿ ಕೂತರೆ ಕೂಲಿಯ ಶೇ. 90ರಷ್ಟು ಅಲ್ಲಿಂದ ಬರುತ್ತದೆ. ಹತ್ತಕ್ಕಿಂತ ಕಮ್ಮಿ ಜನರ ಶೆಡ್ಡಿಗೆ ಇದು ಕಡ್ಡಾಯ ಅಲ್ಲ. ಆದರೆ ಕರೆಂಟಿನ ಮೋಟಾರ್ ಓಡುವ ಶೆಡ್ಡಿನಲ್ಲಿ ಗಾಯಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದೇ. ಇದಕ್ಕೆ ಒಂದು ವಿಮೆ ಮಾಡಿಸಿಕೊಳ್ಳುವುದು ನಿಮಗೇ ಕ್ಷೇಮ. ಜೊತೆಗೆ ಪ್ರತಿಯೊಬ್ಬರ ಬ್ಯಾಂಕ್ ಖಾತೆಯಿಂದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಎರಡು ಲಕ್ಷ. ಆ ಇಪ್ಪತ್ತು ನೀವೇ ಕೊಡಿ, ಒಂದು ಟೀ ಮತ್ತು ಬನ್ನಿನ ದುಡ್ಡು. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಇಲ್ಲದವರಿಗೆ ಅದನ್ನೂ ಮಾಡಿಸಿ.

ಬಾಗಿಲ ಪಕ್ಕ ದಪ್ಪ ಅಕ್ಷರದಲ್ಲಿ ಬರೆಸಿ: ಆಂಬುಲೆನ್ಸ್ 108, ತುರ್ತು 112, ಕಾರ್ಮಿಕ ಸಹಾಯವಾಣಿ 155214. ಶೆಡ್ಡಿನ ವಿಳಾಸವನ್ನೂ ಬರೆಸಿ, ಹತ್ತಿರದ ಗುರುತಿನ ಜೊತೆ. ಗಾಬರಿಯಲ್ಲಿ ಫೋನ್ ಮಾಡಿದವರಿಗೆ ತಾವು ಎಲ್ಲಿದ್ದೇವೆ ಅನ್ನುವುದೇ ಬಾಯಿಗೆ ಬರುವುದಿಲ್ಲ.

ಅಪಘಾತ ಆದ ದಿನವೇ ಒಂದು ಪುಸ್ತಕದಲ್ಲಿ ದಿನ, ಹೊತ್ತು, ಯಾರು, ಹೇಗೆ, ಯಾರು ನೋಡಿದರು ಅಂತ ಬರೆದು ಸಹಿ ಹಾಕಿಸಿ. ಕೆಲಸಗಾರರು ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿಸಿನೀರು ಬಿತ್ತು’ ಅಂತ ಹೇಳಿಸುವ ಮಾಲೀಕರಿದ್ದಾರೆ. ಹಾಗೆ ಹೇಳಬೇಡಿ. ಚೀಟಿಯಲ್ಲಿ ಅದೇ ಬರೆದುಹೋದರೆ ಆಮೇಲೆ ಪರಿಹಾರಕ್ಕೆ ದಾರಿ ಕಷ್ಟ.

ಹಂತ 9: ವಾಪಸ್ ಬಂದ ದಿನ

ಗಾಯ ಮಾಗಿತು ಅಂತ ಡಾಕ್ಟರ್ ಹೇಳಿದ ಮೇಲೂ ಹೊಸ ಚರ್ಮ ತೆಳು. ಬಿಸಿನೀರು, ಬಿಸಿಲು ಎರಡೂ ತಾಳುವುದಿಲ್ಲ. ಕೆಲವು ವಾರ ಮರುಸುತ್ತು, ಗೂಡು ಆರಿಸುವುದು, ನೂಲಿನ ತೂಕ, ಇಂಥ ಒಣ ಕೆಲಸ ಕೊಡಿ. ಕೂಲಿ ಮೊದಲಿನಷ್ಟೇ. ಬೆರಳು ಮಡಿಚಿ ಬಿಡಿಸುವ ವ್ಯಾಯಾಮ ಹೇಳಿದ್ದರೆ ಅದಕ್ಕೆ ಬಿಡುವು ಕೊಡಿ, ಇಲ್ಲದಿದ್ದರೆ ಕೀಲು ಬಿಗಿದುಬಿಡುತ್ತದೆ.

ಬಳೆ ಕತ್ತರಿಸಿಕೊಂಡ ಆ ಹುಡುಗಿ ಎರಡು ತಿಂಗಳ ಮೇಲೆ ಬಂದಳು. ನಾನು ಅವಳನ್ನು ಮತ್ತೆ ಅದೇ ಪಾತ್ರೆಯ ಪಕ್ಕ ನಿಲ್ಲಿಸಿದೆ, ಬೇರೆ ಯೋಚನೆಯೇ ಬರಲಿಲ್ಲ. ಅವಳು ಏನೂ ಹೇಳಲಿಲ್ಲ, ಎಡಗೈಯಲ್ಲಿ ಕೆಲಸ ಶುರು ಮಾಡಿದಳು. ಮಧ್ಯಾಹ್ನ ಟೀ ಹೊತ್ತಿಗೆ ಆ ಅಕ್ಕ, ಹೆಬ್ಬೆಟ್ಟು ಮೂಡದ ಅಕ್ಕ, ಬಂದು ‘ಅಣ್ಣಾ, ಅವಳನ್ನ ರಾಟೆ ಹತ್ರ ಹಾಕಿ, ಇಲ್ಲಿ ನಾನು ನೋಡ್ಕೊಳ್ತೀನಿ’ ಅಂದರು. ಬೇಯಿಸುವ ಪಾತ್ರೆಯನ್ನು ಗೋಡೆಯ ಆಚೆ ಕಟ್ಟಿಸಿದ್ದು ಅದರ ಮುಂದಿನ ವಾರ.